ದಿಬ್ಬ ಇಳಿದ ಸೈಕಲ್ಲು

ಊರಿಗಾಂ ಆಚೆಗಿನ ಆ ಪುಟ್ಟ ಹಳ್ಳಿಯಲ್ಲಿ ವೆಂಕಟೇಶಪ್ಪನ ಮನೆಯದೊಂದೇ ಬಾಗಿಲು ಸದ್ದು ಮಾಡುತ್ತಿರಲಿಲ್ಲ. ಕಿಟಕಿಯ ಕೀಲು, ಬಾವಿಯ ರಾಟೆ, ಸೊಸೆಯ ಹೊಲಿಗೆ ಮಿಷನ್ನು, ಹೆಂಡತಿಯ ಅಡಿಕೆ ಕತ್ತರಿ, ಕೊನೆಗೆ ಮೊಮ್ಮಗಳ ಕಂಪಾಸು ಡಬ್ಬಿಯ ಮುಚ್ಚಳ ಕೂಡ ಆ ಮುದುಕನ ಹರಳೆಣ್ಣೆ ಬಟ್ಟೆಯಿಂದ ತಪ್ಪಿಸಿಕೊಂಡಿರಲಿಲ್ಲ. ನಂದಿದುರ್ಗ ಚಿನ್ನದ ಗಣಿಯಲ್ಲಿ ಆಳುಗಳನ್ನು ಕೇಜಿನಲ್ಲಿ ಕೂರಿಸಿ ಪಾತಾಳಕ್ಕಿಳಿಸುವ, ಮತ್ತೆ ಮೇಲಕ್ಕೆಳೆಯುವ ಎಂಜಿನ್ನಿಗೆ ಎಣ್ಣೆ ಹಾಕಿದ ಕೈ ಅದು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಕೈ ಸುಮ್ಮನಾಗಿರಲಿಲ್ಲ. ಬಿಚ್ಚಿ ಜೋಡಿಸಿದ ಯಂತ್ರಕ್ಕೆ ಎಣ್ಣೆ ಕಾಣಿಸದೆ ಮನುಷ್ಯನನ್ನು ಹತ್ತಿಸುವುದು ಪಾಪ ಎಂದು ಅವನಿಗೆ ಗಣಿಯಲ್ಲಿ ಯಾರೋ ಮೇಸ್ತ್ರಿ ಹೇಳಿಕೊಟ್ಟಿದ್ದ. ದೇವರಿಗೆ ದೀಪ ಹಚ್ಚುವುದನ್ನು ಮರೆತಾನು, ಅದನ್ನು ಮರೆಯುವವನಲ್ಲ.

ಅಂಥ ಮನೆಯಲ್ಲಿ ಒಂದೇ ಒಂದು ಕಬ್ಬಿಣದ ಸಾಮಾನು ಏಳು ವರ್ಷ ಎಣ್ಣೆ ಕಾಣದೆ ತುಕ್ಕು ಹಿಡಿಯುತ್ತಿತ್ತು. ಹಿತ್ತಲಿನ ದನದ ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿಚೀಲದ ಕೆಳಗೆ, ಮಗ ಮುನೀಂದ್ರನ ಗುಡ್ಡ ಹತ್ತುವ ಸೈಕಲ್ಲು.

ಮುನೀಂದ್ರನ ಹೆಂಡತಿ ರಾಧಾಮಣಿ ದಿನಾ ಬೆಳಿಗ್ಗೆ ಸಗಣಿ ಬಾಚುವಾಗ ಆ ಗೋಣಿಚೀಲದ ಕಡೆಗೆ ಬೆನ್ನು ಹಾಕಿಯೇ ಬಾಚುತ್ತಿದ್ದಳು. ನೋಡಿದರೆ ಆ ಭಾನುವಾರ ನೆನಪಾಗುತ್ತಿತ್ತು. ಅವತ್ತು ತವರಿಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದ ಗಂಡ ಎದ್ದವನೇ ಸೈಕಲ್ ಹೊರಗೆ ತೆಗೆದಿದ್ದ. ಕೋರಮಂಡಲ್ ಕಡೆಯ ಸೈನೈಡ್ ದಿಬ್ಬ, ಅಂದರೆ ಗಣಿಯವರು ಚಿನ್ನ ತೆಗೆದು ಎಸೆದ ಮಣ್ಣು ಗುಡ್ಡವಾಗಿ ನಿಂತಿದೆಯಲ್ಲ, ಅದನ್ನು ಹತ್ತಿ ಇಳಿಯುವುದು ಅವನಿಗೊಂದು ಹುಚ್ಚು. ಸೀರೆ ಉಟ್ಟು, ಮಗುವಿಗೆ ಜಡೆ ಹೆಣೆದು ಕಾಯುತ್ತಿದ್ದವಳಿಗೆ ಮೈ ಉರಿದುಹೋಯಿತು. "ಓಗು, ಆ ದಿಬ್ಬದ್ ಮ್ಯಾಲೇ ಇರು. ವಾಪಸ್ ಬರ್ಬೇಡ," ಅಂದಳು. ಬಾಯಿಗೆ ಬಂದದ್ದು ಅಂದಳು, ಅಷ್ಟೆ. ಗಂಡ ಹೆಂಡಿರ ನಡುವೆ ಇದಕ್ಕಿಂತ ಕೆಟ್ಟ ಮಾತು ಬಂದು ಸಂಜೆಯೊಳಗೆ ಕರಗಿದ್ದುಂಟು. ಮುನೀಂದ್ರ ಮಾತ್ರ ವಾಪಸು ಬರಲಿಲ್ಲ. ದಿಬ್ಬದ ಮಧ್ಯೆ ಮಳೆ ಕೊರೆದ ಕೊರಕಲಿಗೆ ಸೈಕಲ್ ಸಮೇತ ಬಿದ್ದು, ಕತ್ತು ಮುರಿದು ಹೋದ.

ಪೊಲೀಸರು ಬಂದು, ಜಾರಿ ಬಿದ್ದದ್ದು ಎಂದು ಬರೆದುಕೊಂಡು ಹೋದರು. ಆದರೆ ದಿಬ್ಬದ ಕೆಳಗೆ ಮೇಕೆ ಮೇಯಿಸುತ್ತಿದ್ದ ಮುತ್ಯಾಲಮ್ಮ ಕಣ್ಣಾರೆ ಕಂಡದ್ದನ್ನು ಹೇಳಿದಳು. "ನೆಟ್ಟಗೆ ಬಂದ ಕಣಮ್ಮ. ಒಂಚೂರೂ ನಿಧಾನ ಮಾಡ್ಲಿಲ್ಲ." ಅವಳು ಬೇರೇನೂ ಸೇರಿಸಲಿಲ್ಲ. ಸೇರಿಸುವ ಕೆಲಸವನ್ನು ಊರು ಮಾಡಿತು. ಅತ್ತೆ ಅಕ್ಕಯ್ಯಮ್ಮ ಅಂದಿನ ಬೆಳಗಿನ ಜಗಳವನ್ನು ಒಲೆಯ ಮುಂದೆ ಕೂತು ಕೇಳಿಸಿಕೊಂಡಿದ್ದವಳು. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಸೊಸೆಯ ಮುಖ ನೋಡಿ ಒಂದೇ ಮಾತು ಹೇಳಿದಳು. "ಬರ್ಬೇಡ ಅಂದೆ. ಬರ್ಲಿಲ್ಲ ನೋಡು."

ಆಮೇಲೆ ಅತ್ತೆ ಅವಳನ್ನು ಬಯ್ಯಲಿಲ್ಲ, ಮನೆಯಿಂದ ಹೊರಗೆ ಹಾಕಲಿಲ್ಲ, ನೇರವಾಗಿ ಮಾತಾಡಿಸಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆದರೆ ರಾಧಾಮಣಿಗೆ ಅತ್ತೆಯ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಯಾಕೆಂದರೆ ಅವಳೂ ಅದನ್ನೇ ನಂಬಿದ್ದಳು. ಬ್ರೇಕು ಕೈಯಲ್ಲಿದ್ದೂ ಹಿಡಿಯದೆ ಇಳಿದುಬಿಟ್ಟ. ನನ್ನ ಮಾತಿಗೆ ಹಾಗೆ ಮಾಡಿದ. ಬಂಗಾರಪೇಟೆಯ ಗಾರ್ಮೆಂಟ್ಸಿನಲ್ಲಿ ಕಾಲರು ಕೂರಿಸುತ್ತಾ ಕೂರಿಸುತ್ತಾ, ಸೂಜಿ ಕೈಗೆ ಚುಚ್ಚಿದಾಗಲೂ ಅವಳ ತಲೆಯಲ್ಲಿ ಅದೇ ತಿರುಗುತ್ತಿತ್ತು. ಮಾವ ವೆಂಕಟೇಶಪ್ಪನೊಬ್ಬ ಮಾತ್ರ, "ಅಂಗೆಲ್ಲಾ ಅಲ್ಲಮ್ಮ. ನನ್ ಮಗ ಅಂತಾವನಲ್ಲ," ಅನ್ನುತ್ತಿದ್ದ. ಒಳ್ಳೆಯ ಮನುಷ್ಯ, ಸಮಾಧಾನಕ್ಕೆ ಹೇಳುತ್ತಾನೆ ಎಂದು ಅವಳು ತಿಳಿದಿದ್ದಳು.

ಈ ವರ್ಷ ಮಗಳು ಲಿಖಿತ ಹೈಸ್ಕೂಲಿಗೆ ಸೇರಿದಳು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ನಡಿಗೆ. ಹುಡುಗಿ ಅಪ್ಪನಂತೆಯೇ ಹಟಮಾರಿ, ಎತ್ತರವೂ ಬೆಳೆದುಬಿಟ್ಟಿದ್ದಳು. ಒಂದು ದಿನ ಗೋಣಿಚೀಲ ಎತ್ತಿ ನೋಡಿ, "ಅಮ್ಮ, ಅಪ್ಪನ ಸೈಕಲ್ ನಂಗೆ ರೆಡಿ ಮಾಡಿಸ್ಕೊಡು," ಎಂದು ಕೂತುಬಿಟ್ಟಳು. ಅಕ್ಕಯ್ಯಮ್ಮ ಎದ್ದು ಒಳಗೆ ಹೋದಳು. ವೆಂಕಟೇಶಪ್ಪ ಮೊಮ್ಮಗಳ ತಲೆ ಸವರಿದ. ಆಮೇಲೆ, "ತಗೊಂಡೋಗಮ್ಮ, ಮಾಡಿಸ್ಕಂಡ್ ಬಾ. ಕಬ್ಬಿಣ ಏನ್ ಪಾಪ ಮಾಡೈತೆ," ಅಂದ.

ಸೈಕಲ್ಲನ್ನು ಹೊರಗೆ ತಳ್ಳಲು ಹೋದರೆ ಚಕ್ರ ತಿರುಗಲೇ ಇಲ್ಲ. ಬ್ರೇಕು ಕಚ್ಚಿಕೊಂಡು ಕೂತಿತ್ತು. ಎತ್ತಿಕೊಂಡೇ ಹೋಗಿ ಗೂಡ್ಸ್ ಆಟೋಗೆ ಹಾಕಿಸಿ, ರಜದ ದಿನ ರಾಧಾಮಣಿ ಬಂಗಾರಪೇಟೆಗೆ ತಂದಳು.

ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಕಾಂತರಾಜನ ಸೈಕಲ್ ಶಾಪು. ಸೈಕಲ್ ಕೆಳಗಿಳಿಸುತ್ತಿದ್ದ ಹಾಗೆ ಗುರುತು ಹಿಡಿದ. ಮುನೀಂದ್ರ ಅವನ ಅಂಗಡಿಗೆ ಬರುತ್ತಿದ್ದವನೇ. "ಬನ್ನಿ ಅಕ್ಕ," ಎಂದು ಸ್ಟೂಲು ಹಾಕಿ, ಹ್ಯಾಂಡಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಸತ್ತವರ ಗಾಡಿ ಬಂದರೆ ಮೆಕ್ಯಾನಿಕ್ಕುಗಳಿಗೂ ಒಂಥರಾ ಆಗುತ್ತದೆ.

"ಚಕ್ರ ತಿರುಗ್ತಾ ಇಲ್ಲ ಅಣ್ಣ. ಮಗಳು ಸ್ಕೂಲಿಗೆ ಓಗ್ಬೇಕಂತೆ."

"ಪಿಸ್ಟನ್ ಬಿಗ್ಕಂಡಿರ್ತಾವೆ. ಬಿಡಿಸ್ಬೋದು. ಕೂತ್ಕಳಿ."

ಅವನು ಸೈಕಲ್ಲನ್ನು ಸ್ಟ್ಯಾಂಡಿಗೆ ನೇತುಹಾಕಿ ಮುಂದಿನ ಚಕ್ರ ಬಿಚ್ಚಿದ. ಹಳೆ ಸೈಕಲ್ಲಿನ ಹಾಗೆ ರಬ್ಬರು ಬಂದು ರಿಮ್ಮಿಗೆ ತಾಗುವ ಬ್ರೇಕಲ್ಲ ಇದು. ಚಕ್ರದ ನಡುವೆ ಉಕ್ಕಿನ ತೆಳು ತಟ್ಟೆ. ತಟ್ಟೆಯ ಎರಡೂ ಬದಿಗೆ ಎರಡು ಪ್ಯಾಡು. ಒಂದೊಂದು ಪ್ಯಾಡಿನ ಬೆನ್ನಿಗೆ ಬಟನ್ನಿನಂಥ ಒಂದೊಂದು ಪಿಸ್ಟನ್. ಹಿಡಿಕೆ ಒತ್ತಿದರೆ ನಳಿಕೆಯೊಳಗಿನ ಎಣ್ಣೆಯ ಒತ್ತಡಕ್ಕೆ ಪಿಸ್ಟನ್ನುಗಳು ಹೊರಗೆ ಬಂದು ಪ್ಯಾಡುಗಳನ್ನು ತಟ್ಟೆಗೆ ಅಮುಕುತ್ತವೆ, ಬಿಟ್ಟರೆ ಹಿಂದೆ ಸರಿಯುತ್ತವೆ. ಕಾಂತರಾಜ ಪ್ಯಾಡು ಎರಡನ್ನೂ ಎಳೆದು ತೆಗೆದು ಅಂಗೈ ಮೇಲಿಟ್ಟುಕೊಂಡು ನೋಡಿದ. ಹುಬ್ಬು ಗಂಟಾಯಿತು. ಎರಡನ್ನೂ ಪಕ್ಕಕ್ಕಿಟ್ಟ.

ಒಂದು ಪಿಸ್ಟನ್ ಅಷ್ಟೊ ಇಷ್ಟೊ ಅಲುಗುತ್ತಿತ್ತು. ಇನ್ನೊಂದು ಕಲ್ಲು. ಅಲುಗುವುದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಅಮುಕಿ ಹಿಡಿದು ಹಿಡಿಕೆ ಒತ್ತಿದ. ಒಳಗಿನ ಒತ್ತಡವೆಲ್ಲ ಒಂದರ ಮೇಲೇ ಬಿದ್ದರೆ ಎಂಥ ಹಟಮಾರಿಯೂ ಹೊರಗೆ ಬರಲೇಬೇಕು. ಬರಲಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪಿಸ್ಟನ್ನಿನ ಅಂಚನ್ನು ಸುತ್ತಲೂ ತಿಕ್ಕಿದ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಹೊಸ ಕಡ್ಡಿ ತಗೊಂಡ, ಅದೂ ಕಂದಾಯಿತು. ಆ ಬ್ರೇಕಿನ ಒಳಗಿರುವ ಎಣ್ಣೆಯದೇ ಒಂದು ಹನಿಯನ್ನು ಅಂಚಿಗೆ ಬಿಟ್ಟು ಮತ್ತೆ ಒತ್ತಿದ. ಕೂದಲೆಳೆಯಷ್ಟು ಬಂತು. ಪಟ್ಟಿಯಿಂದ ಒಳಕ್ಕೆ ನೂಕಿದ, ಮತ್ತೆ ಒತ್ತಿದ, ಮತ್ತೆ ನೂಕಿದ. ಹಟ ಹಿಡಿದ ಮಗುವಿನ ಬಾಯಿ ತೆರೆಸಿ ಔಷಧಿ ಕುಡಿಸುವ ತಾಳ್ಮೆ ಅವನದು. ಪ್ಲಾಟ್‌ಫಾರ್ಮಿನಿಂದ ಮಾರಿಕುಪ್ಪಂ ಗಾಡಿ ಹೊರಟಿತು, ಎದುರಿನ ಹೋಟೆಲಿನವನು ಟೀ ತಂದಿಟ್ಟು ಹೋದ. ಟೀ ಆರಿತು, ಆತ ತಲೆ ಎತ್ತಲಿಲ್ಲ.

ಕೊನೆಗೊಮ್ಮೆ ಪಿಸ್ಟನ್ ಸಲೀಸಾಗಿ ಹೊರಗೆ ಜಾರಿ, ನೂಕಿದರೆ ಸಲೀಸಾಗಿ ಒಳಗೆ ಹೋಯಿತು. ಕಾಂತರಾಜ ಕೈ ಒರೆಸಿಕೊಂಡು ಆ ಹಳೆಯ ಪ್ಯಾಡುಗಳನ್ನು ಅವಳ ಮುಂದೆ ಹಿಡಿದ.

"ಅಕ್ಕ, ಇದನ್ ನೋಡಿ. ಒಂದು ತಗಡು ಕಾಣೋ ವರ್ಗೂ ಸವ್ದೈತೆ. ಇನ್ನೊಂದು ಅಂಗೇ ದಪ್ಪಕ್ಕೈತೆ. ಸುಮ್ನೆ ನಿಂತಿರೋ ಗಾಡೀಲಿ ಇಂಗೆ ಸವೆಯಲ್ಲ. ಇದು ಮುನೀಂದ್ರಣ್ಣ ಓಡಿಸ್ತಿದ್ದಾಗ್ಲೇ ಬಿಗ್ಕಂಡಿತ್ತು. ಒಂದೇ ಕಡೆ ಇಡೀತಿತ್ತು."

ರಾಧಾಮಣಿಗೆ ಅರ್ಥವಾಗಲಿಲ್ಲ. ಅವನು ಚಕ್ರ ಎತ್ತಿ ಅದರ ತಟ್ಟೆಯನ್ನು ಬೆಳಕಿಗೆ ತಿರುಗಿಸಿದ. ತುಕ್ಕಿನ ನಡುವೆ ಉದ್ದಕ್ಕೂ ನವಿಲಿನ ಕತ್ತಿನ ನೀಲಿ. ಅದರ ಮೇಲೆ ಬಾಣಲೆಯ ತಳದಲ್ಲಿ ಎಣ್ಣೆ ಸೀದ ಹಾಗೆ ಕಪ್ಪು.

"ಉಕ್ಕು ಕಾದು ಕಾದು ಈ ಬಣ್ಣ ಬತ್ತದೆ. ಬ್ರೇಕ್ ಒತ್ತಿ ಇಡ್ಕಂಡೇ ಇಳ್ದವ್ರೆ ಅಕ್ಕ. ಮೇಲಿಂದ್ಲೇ ಇಡ್ದವ್ರೆ. ಅದು ನಿಲ್ಸಿಲ್ಲ, ಅಷ್ಟೆ. ನಾನ್ ಏಳಿದ್ದೆ, ಒಂದ್ ಸಲ ಬಿಚ್ಚಿ ನೋಡಾನ ತಗೊಂಡ್ ಬಾರಣ್ಣ ಅಂತ. ಬತ್ತೀನಿ ಬತ್ತೀನಿ ಅಂತಿದ್ರು."

"ಏನಂದ್ರಿ?"

"ಬ್ರೇಕ್ ಇಡ್ದಿದ್ರು ಅಂದೆ."

ಅವಳು ಆ ನೀಲಿಯ ಮೇಲೆ ಬೆರಳಿಟ್ಟಳು. ಏಳು ವರ್ಷ ಅವಳ ಎದೆಯ ಮೇಲೆ ಕೂತಿದ್ದದ್ದು ಒಮ್ಮೆಲೇ ಎದ್ದು ಹೋಯಿತು. ಅದು ಎದ್ದು ಹೋದ ಜಾಗದಲ್ಲಿ ಎಷ್ಟು ನೋವಾಯಿತೆಂದರೆ ಸ್ಟೂಲಿನ ಮೇಲೆ ಬಗ್ಗಿ, ಸೆರಗು ಬಾಯಿಗೆ ತುರುಕಿಕೊಂಡು, ಬೀದಿಯಲ್ಲಿ ಹೋಗುವವರು ನೋಡಿಕೊಂಡು ಹೋಗುವ ಹಾಗೆ ಅತ್ತಳು. ಅವನು ಬರಬೇಕೆಂದಿದ್ದ. ಅವಳ ಮಾತನ್ನು ಆ ದಿಬ್ಬದ ಮೇಲೆ ಬಿಟ್ಟು, ಮನೆಗೆ ಬರಬೇಕೆಂದು ಎರಡೂ ಕೈಯಲ್ಲಿ ಬ್ರೇಕು ಹಿಡಿದಿದ್ದ. ಕಾಂತರಾಜ ಏನು ಮಾಡಬೇಕೆಂದು ತಿಳಿಯದೆ ಹಿಂದಿನ ಚಕ್ರ ಬಿಚ್ಚುತ್ತಾ ಕೂತ. ಅಲ್ಲೂ ಅದೇ ಕಥೆ, ಅದೇ ಕಂದು ಜಿಗುಟು.

ಅವಳು ಮುಖ ತೊಳೆದು ಬಂದ ಮೇಲೆ ಅವನು ಹತ್ತಿಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ಹೇಳಿದ. "ಧೂಳು ಒಂದರಿಂದ್ಲೇ ಇಂಗಾಗಲ್ಲ. ಇದಕ್ಕೆ ಯಾರೋ ಹರಳೆಣ್ಣೆ ಒರೆಸವ್ರೆ, ಒಂದ್ ಸಲ ಅಲ್ಲ, ಮೇಲ್ ಮೇಲೆ. ಒಣಗಿದ್ರೆ ಅದು ಅಂಟು ಅಕ್ಕ, ದಿಬ್ಬದ್ ಮಣ್ಣು ಸೇರ್ಕಂಡ್ರೆ ಸಿಮೆಂಟು. ತಟ್ಟೆಗೆ ಎಣ್ಣೆ ತಾಗಿದ್ರೆ ಬ್ರೇಕು ಎಷ್ಟ್ ಇಡ್ದ್ರೂ ಜಾರ್ತದೆ. ಈ ಜಾತಿ ಬ್ರೇಕಿಗೆ ಒರಗಡೆ ಎಣ್ಣೆ ಮುಟ್ಟಿಸ್ಲೇಬಾರ್ದು. ಯಾರು ಒರೆಸಿದ್ದು?"

ರಾಧಾಮಣಿ ಕಡ್ಡಿ ಇಸಿದುಕೊಂಡು ತಾನೂ ಮೂಸಿ ನೋಡಿದಳು. ಅವಳ ಗಂಡ ಸತ್ತ ಭಾನುವಾರದ ಹಿಂದಿನ ಗುರುವಾರವೇ ಆಯುಧಪೂಜೆ ಆಗಿತ್ತು. ಕೊಡಲಿ, ಕುಡುಗೋಲು, ಹೊಲಿಗೆ ಮಿಷನ್ನುಗಳ ಜೊತೆಗೆ ಸೈಕಲ್ಲನ್ನೂ ಅಂಗಳದಲ್ಲಿ ನಿಲ್ಲಿಸಿ, ವೆಂಕಟೇಶಪ್ಪ ಬೆಳಿಗ್ಗೆಯೆಲ್ಲ ಕೂತು ಒರೆಸಿದ್ದ. ಪ್ರತಿ ವರ್ಷವೂ ಒರೆಸುತ್ತಿದ್ದ.

"ಗೊತ್ತಿಲ್ಲ ಅಣ್ಣ," ಅಂದಳು.

ಕಾಂತರಾಜ ಹೊಸ ಪ್ಯಾಡು ಹಾಕಿ, ತಟ್ಟೆಗಳನ್ನು ಸೋಪು ಸ್ಪಿರಿಟ್ಟುಗಳಲ್ಲಿ ತೊಳೆದು ಕೊಟ್ಟ. ಊರಿಗಾಂ ತನಕ ರೈಲುಗಾಡಿಯಲ್ಲಿ ತಂದು, ಅಲ್ಲಿಂದ ಸೈಕಲ್ ತಳ್ಳಿಕೊಂಡು ನಡೆಯುತ್ತಾ ರಾಧಾಮಣಿ ಏನು ಹೇಳಬೇಕೆಂದು ಯೋಚಿಸಿದಳು. ಇಷ್ಟು ವರ್ಷ ಅವಳು ಬೇಡಿದ್ದು ಇದೊಂದನ್ನೇ. ಮನೆಗೆ ಹೋಗಿ ಅತ್ತೆಯ ಮುಂದೆ ನಿಂತು, ನಾನು ಕೊಂದದ್ದಲ್ಲ ಎಂದು ಹೇಳುವ ಒಂದು ದಿನ. ದಿನ ಬಂತು, ಹೇಳಿದರೆ ಆ ಕೊಲೆ ಹೋಗಿ ಕೂರುವುದು ಯಾರ ತಲೆಯ ಮೇಲೆ? ಮನೆಯಲ್ಲಿ ಅವಳನ್ನು ಒಮ್ಮೆಯೂ ಅನುಮಾನಿಸದ ಒಬ್ಬನೇ ಮನುಷ್ಯನ ಮೇಲೆ. ಧೂಳು ಸೇರಿ ಬ್ರೇಕು ಕೆಟ್ಟಿತ್ತಂತೆ ಎಂದರಾಯಿತು, ಅದೇನು ಪೂರ್ತಿ ಸುಳ್ಳಲ್ಲ, ಎಂದುಕೊಂಡಳು. ಅಷ್ಟು ಹೇಳಿದರೆ ಅತ್ತೆಗೂ ಸಾಕು, ತನಗೂ ಸಾಕು.

ಸಂಜೆ ಇನ್ನೂ ಬಿಸಿಲಿತ್ತು. ಲಿಖಿತ ಟ್ಯೂಷನ್ನಿಗೆ ಹೋಗಿದ್ದಳು. ಅಂಗಳದಲ್ಲಿ ಕೂತಿದ್ದ ವೆಂಕಟೇಶಪ್ಪ ಸೈಕಲ್ ನೋಡಿ ಎದ್ದು ಬಂದ. ಮುಂದಿನ ಚಕ್ರ ಎತ್ತಿ ತಿರುಗಿಸಿದ. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಮುದುಕನ ಮುಖ ಅರಳಿತು.

"ಏನಾಗಿತ್ತಂತಮ್ಮ?"

"ಧೂಳು ಮಾವ. ದಿಬ್ಬದ್ ಮಣ್ಣು ಸೇರ್ಕಂಡು ಬಿಗ್ಕಂಡಿತ್ತಂತೆ. ಮಾವ, ಅವಾಗ್ಲೇ ಬಿಗ್ಕಂಡಿತ್ತಂತೆ. ಅವ್ರು ಬ್ರೇಕ್ ಇಡ್ದಿದ್ರಂತೆ. ಇಡ್ಕಂಡೇ ಇಳ್ದಿದ್ರಂತೆ."

ವೆಂಕಟೇಶಪ್ಪ ಸೈಕಲ್ಲಿನ ಸೀಟು ಹಿಡಿದುಕೊಂಡ. "ನಾನ್ ಏಳಿರ್ಲಿಲ್ವಾ ನಿಂಗೆ?" ಅಂದ. "ಅಕ್ಕಯ್ಯಮ್ಮನ್ನ ಕರಿ. ಇಲ್ಲ, ತಡಿ, ಮೊದ್ಲು ಇದುನ್ನ ನೋಡಾನ. ನನ್ ಮೊಮ್ಮಗ್ಳು ಅತ್ತೋ ಗಾಡಿ." ಹಾಗೆನ್ನುತ್ತಾ ಒಳಗೆ ಹೋದವನು ಎಣ್ಣೆ ಡಬ್ಬಿ, ಬಟ್ಟೆ ಹಿಡಿದು ಬಂದ. ಚಕ್ಕಳಮಕ್ಕಳ ಹಾಕಿ ಕೂತು ಬಟ್ಟೆ ಅದ್ದಿ ಹಿಂಡಿದ. "ಇಷ್ಟ್ ದಿನ ಕಣ್ಣೆತ್ತಿ ನೋಡ್ಲಿಲ್ಲ ನಾನು. ತಟ್ಟೆ ನೋಡು ಎಂಗೆ ತುಕ್ಕಿಡ್ದೈತೆ."

ಬಟ್ಟೆ ತಟ್ಟೆಯ ಹತ್ತಿರ ಹೋಯಿತು. ರಾಧಾಮಣಿ ಬಗ್ಗಿ ಅವನ ಮಣಿಕಟ್ಟು ಹಿಡಿದುಬಿಟ್ಟಳು. ಮದುವೆಯಾಗಿ ಬಂದ ಮೇಲೆ ಮಾವನ ಕೈಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಅದುಕ್ ಬೇಡ ಮಾವ."

"ಯಾಕಮ್ಮ?"

ಬೇರೆ ಏನಾದರೂ ಹೇಳಬಹುದಿತ್ತು. ಹುಡುಗಿಯ ಬಟ್ಟೆಗೆ ಕಲೆಯಾಗುತ್ತದೆ ಎನ್ನಬಹುದಿತ್ತು. ಆದರೆ ಇವತ್ತು ತಪ್ಪಿಸಿದರೆ ನಾಳೆ ಒರೆಸುತ್ತಾನೆ, ತಾನು ಗಾರ್ಮೆಂಟ್ಸಿಗೆ ಹೋದ ಮೇಲೆ ಒರೆಸುತ್ತಾನೆ. ಈ ಮನೆಯಲ್ಲಿ ಅವನ ಬಟ್ಟೆಯಿಂದ ತಪ್ಪಿಸಿಕೊಂಡ ಕಬ್ಬಿಣವಿಲ್ಲ. ಆ ಸೈಕಲ್ ಏರಿ ಹೋಗುವವಳು ತನ್ನ ಮಗಳು.

"ಈ ಬ್ರೇಕಿಗೆ ಎಣ್ಣೆ ತಾಗ್ಬಾರ್ದಂತೆ ಮಾವ. ತಾಗಿದ್ರೆ ಇಡಿಯಲ್ವಂತೆ."

ವೆಂಕಟೇಶಪ್ಪ ಅವಳ ಮುಖ ನೋಡಿದ. ಎಂಜಿನ್ನುಗಳ ಜೊತೆ ಬಾಳಿದವನು, ಬಿಡಿಸಿ ಹೇಳಬೇಕಾಗಲಿಲ್ಲ. ಕೈಯಲ್ಲಿದ್ದ ಬಟ್ಟೆ ನೋಡಿದ, ತಟ್ಟೆ ನೋಡಿದ, ತಟ್ಟೆಯ ಮೇಲೆ ತೊಳೆದರೂ ಹೋಗದೆ ಉಳಿದಿದ್ದ ನೀಲಿಯನ್ನು ನೋಡಿದ. ಅವಳು ಮಣಿಕಟ್ಟು ಬಿಟ್ಟಳು, ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು.

"ಆಯುಧಪೂಜೆ ದಿನ ತಟ್ಟೆ ಎರಡೂ ಕನ್ನಡಿ ಮಾಡಿದ್ದೆ," ಅಂದ. "ಮುಖ ಕಾಣಂಗೆ."

"ಮಾವ, ನಿಮಗೇನ್ ಗೊತ್ತಿತ್ತು."

ಅವನು ಬಟ್ಟೆಯನ್ನು ಡಬ್ಬಿಯ ಪಕ್ಕದಲ್ಲಿಟ್ಟ. ಮೆಲ್ಲಗೆ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋದ. ರಾಧಾಮಣಿ ಹಿಂದೆಯೇ ಓಡಿದಳು. ಒಳಗೆ ಅಕ್ಕಯ್ಯಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಇಲ್ಕೇಳು," ಅಂದ ವೆಂಕಟೇಶಪ್ಪ. "ನಮ್ಮುಡ್ಗ ಬೇಕೂಂತ ಬಿದ್ದಿಲ್ಲ. ಬ್ರೇಕ್ ಇಡ್ದವ್ನೆ. ಅದು ಇಡೀಲಿಲ್ಲ. ಅದುಕ್ಕೆ ಎಣ್ಣೆ ಒರ್ಸಿದ್ದೋನು ನಾನು. ಈ ಉಡ್ಗೀದು ಏನೂ ತಪ್ಪಿಲ್ಲ. ಇನ್ಮೇಲೆ ಅವಳ್ನ ಅಂಗ್ ನೋಡ್ಬೇಡ."

ಜರಡಿ ನಿಂತಿತು. ಅಕ್ಕಯ್ಯಮ್ಮ ಗಂಡನನ್ನು ನೋಡಲಿಲ್ಲ. ಸೊಸೆಯನ್ನು ನೋಡಿದಳು. "ನಿಜವಾ?" ಎಂದು ಕೇಳಿದಳು. ಏಳು ವರ್ಷದಲ್ಲಿ ಅತ್ತೆ ಅವಳನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಇಲ್ಲ, ಮಾವ ನನ್ನನ್ನು ಉಳಿಸಲು ಹಾಗೆ ಹೇಳುತ್ತಿದ್ದಾರೆ ಎಂದುಬಿಟ್ಟರೆ ಮುದುಕ ಬದುಕಿಕೊಳ್ಳುತ್ತಿದ್ದ. ಆ ಮಾತು ರಾಧಾಮಣಿಯ ನಾಲಿಗೆಯವರೆಗೂ ಬಂತು. ಬಂದದ್ದು ಅಲ್ಲೇ ನಿಂತಿತು. ಅವಳೂ ಮನುಷ್ಯಳು, ಸಾಕಾಗಿಹೋಗಿತ್ತು.

"ನಿಜ ಅತ್ತೆ," ಅಂದಳು.

ಅಕ್ಕಯ್ಯಮ್ಮನ ಕೈಯಿಂದ ಜರಡಿ ಜಾರಿತು. ಅವಳು ತವರಿನ ತೆಲುಗಿನಲ್ಲಿ, "ನಾ ಕೊಡುಕಾ, ನಾ ಕೊಡುಕಾ," ಎಂದು ಮಗನನ್ನು ಕೂಗುತ್ತಾ, ಹಿಟ್ಟಿನ ಕೈಯಲ್ಲೇ ಸೊಸೆಯ ಕುತ್ತಿಗೆ ತಬ್ಬಿಕೊಂಡಳು. ರಾಧಾಮಣಿಗೆ ಆಗ ತಿಳಿಯಿತು, ಈ ಹೆಂಗಸೂ ಇಷ್ಟು ವರ್ಷ ಬೆಂದಿದ್ದಳೆಂದು. ಹೆತ್ತವಳನ್ನೂ ನೆನೆಯದೆ ಮಗ ಬೇಕೆಂದೇ ಹೊರಟುಹೋದ ಎಂದು ಬೆಂದಿದ್ದಳು. ಇಬ್ಬರೂ ನೆಲದ ಮೇಲೆ ಕುಸಿದು ಅತ್ತರು. ಅಳುವಿನೊಳಗೆ ಸಮಾಧಾನವೂ ಇತ್ತು, ಅದನ್ನು ಸುಳ್ಳೆಂದು ಯಾಕೆ ಹೇಳಬೇಕು. ವೆಂಕಟೇಶಪ್ಪ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಯಾರೂ ಕರೆಯದಿದ್ದಾಗ ಹೊರಗೆ ಹೋದ. ಅವನು ಹೋದದ್ದನ್ನು ಕಂಡರೂ ರಾಧಾಮಣಿ ಏಳಲಿಲ್ಲ. ಆ ಹೊತ್ತಿಗೆ ಅತ್ತೆಯ ಮಡಿಲು ಬಿಟ್ಟು ಏಳಲು ಅವಳಿಗೆ ಮನಸ್ಸು ಬರಲಿಲ್ಲ.

ಆಮೇಲೆ ಅವಳು ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಮುದುಕ ಕಲ್ಲುಚಪ್ಪಡಿಯ ಮೇಲೆ, ಸೈಕಲ್ಲಿಗೆ ಸ್ವಲ್ಪ ದೂರದಲ್ಲಿ, ಎರಡೂ ಕೈಗಳನ್ನು ಮಂಡಿಯ ಮೇಲೆ ಬೋರಲು ಹಾಕಿ ಕೂತಿದ್ದ. ಕೈಗಳನ್ನು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದಿದ್ದ, ಕೆಂಪಾಗಿದ್ದವು.

"ಒಳೀಕ್ ಬನ್ನಿ ಮಾವ."

"ಅವ್ಳು ಕರುದ್ಲಾ?"

ಅಕ್ಕಯ್ಯಮ್ಮ ಕರೆದಿರಲಿಲ್ಲ. ಅಕ್ಕಯ್ಯಮ್ಮ ಎಷ್ಟು ವರ್ಷ ಕರೆಯದೆ ಇರಬಲ್ಲಳು ಎಂಬುದು ರಾಧಾಮಣಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಓಗ್ಲಿ ಬಿಡು. ಒಂದ್ ಮಾತ್ ಏಳಮ್ಮ," ಅಂದ ಅವನು. "ಗಟ್ಟಿಯಾಗಿ ಇಡ್ದಿದ್ನಂತಾ?"

"ಗಟ್ಟಿಯಾಗಿ ಮಾವ. ಮೇಲಿಂದ್ಲೂ."

"ಎಗ್ರಿ ಪಕ್ಕುಕ್ ಬಿದ್ದಿದ್ರೂ ಉಳ್ಕಂತಿದ್ದ. ಮಣ್ಣಲ್ವಾ, ಮೆತ್ತಗೈತೆ. ಗಾಡಿ ಬಿಟ್ಟು ಎಗರ್ಲಿಲ್ಲ ಅವ್ನು." ವೆಂಕಟೇಶಪ್ಪ ತನ್ನ ಕೆಂಪು ಕೈಗಳನ್ನು ನೋಡಿಕೊಂಡ. "ನಮ್ಮಪ್ಪ ಎಣ್ಣೆ ಒರ್ಸಿರೋ ಗಾಡಿ, ನಿಲ್ತದೆ ಅಂದ್ಕಂಡು ಇಡ್ಕಂಡೇ ಅವ್ನೆ."

ರಾಧಾಮಣಿ ಹೋಗಿ ಅದೇ ಚಪ್ಪಡಿಯ ಇನ್ನೊಂದು ತುದಿಯಲ್ಲಿ ಕೂತಳು.